ಹಲ್ಲಲ್ಲಿ ಕಡಿದ ದಾರ

ಮಾರ್ಚ್ 3, ಬೆಳಗ್ಗೆ

ಹೊಸ ಕ್ಯಾಪ್ಸೂಲ್ ನುಂಗಿ ಹೊಲಿಗೆ ಮೆಷಿನ್ ಮುಂದೆ ಕೂತೆ. ಎದೆಯಲ್ಲಿ ಮತ್ತೆ ಅದೇ ಉರಿ. ಹೃದಯವೋ, ಹೊಟ್ಟೆಯೋ? ಹೃದಯ ತಾಳ ತಪ್ಪಿ ಹೊಡೆದುಕೊಳ್ಳುವುದು ಹಳೇ ಕಥೆ. ಈ ಉರಿ ಮಾತ್ರ ಹೊಸ ನೆಂಟ.

ಹಳೆಯ ಮಾತ್ರೆಗೆ ತಿಂಗಳು ತಿಂಗಳು ಪರೀಕ್ಷೆಗೆ ರಕ್ತ ಕೊಡಬೇಕಿತ್ತು. ಸೊಪ್ಪು ತಿನ್ನಲೂ ಹತ್ತು ಸಲ ಯೋಚನೆ. "ಇನ್ಮೇಲೆ ಆ ರಗಳೆ ಇಲ್ಲ," ಅಂದಿದ್ದರು ಡಾಕ್ಟರು. "ಇದೂ ರಕ್ತ ತೆಳು ಮಾಡೋದೇ. ಬೆಳಗ್ಗೆ ಒಂದು, ರಾತ್ರಿ ಒಂದು. ತಪ್ಪಿಸಿದ್ರೆ ರಕ್ತ ಹೆಪ್ಪುಗಟ್ಟಿ ತಲೆಗೆ ಹೋಗ್ಬಹುದು, ಹುಷಾರು. ಏನೇ ತೊಂದ್ರೆ ಆದ್ರೂ ಫೋನ್ ಮಾಡಿ."

ಎದೆಯುರಿಗೆಲ್ಲ ಫೋನ್ ಮಾಡುವುದೇ? ನಾಚಿಕೆ.

ಮಾರ್ಚ್ 6

ಮೇಜಿನ ಅಂಚು ತಾಗಿದ್ದಷ್ಟೆ. ಮೊಣಕೈ ಮೇಲೆ ಅಂಗೈಯಗಲ ನೀಲಿ. ತೊಡೆಯಲ್ಲೂ ಒಂದು — ಯಾವಾಗ ತಾಗಿತೋ.

ಅಳತೆ ಕೊಡಲು ಬಂದ ಟೀಚರಮ್ಮ ನನ್ನ ಕೈ ನೋಡಿದಳು. ಆಮೇಲೆ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ನನ್ನ ಗಂಡನನ್ನು ನೋಡಿದಳು. ಕಿವಿಯ ಹತ್ತಿರ ಬಂದು, "ಮನೇಲಿ ಎಲ್ಲಾ ಸರಿ ಇದ್ಯಾ?"

ನಗು ಬಂತು. ಇರುವೆಗೂ ದಾರಿ ಬಿಟ್ಟು ನಡೆಯುವ ಪ್ರಾಣಿ ಅದು! ಇವರಿಗೆ ಮಾತ್ರ ನಗು ಬರಲಿಲ್ಲ. "ನಿನ್ನ ಗಿರಾಕಿಗಳು ನನ್ನ ಕಂಡ್ರೆ ಮುಖ ಸಿಂಡರಿಸ್ತಾರೆ ಕಣೇ. ನಾನು ಹೊಡ್ದಿಲ್ಲ ಅಂತ ಕುತ್ತಿಗೆಗೆ ಬೋರ್ಡ್ ಹಾಕ್ಕೊಳ್ಲಾ?" ಅಂದರು. ಊಟವನ್ನೂ ಅರ್ಧಕ್ಕೇ ಬಿಟ್ಟರು.

ಮಾರ್ಚ್ 9, ಮಧ್ಯಾಹ್ನ

ನರ್ಸಿಂಗ್ ಕಾಲೇಜಿನ ಬಿಳಿ ಕೋಟುಗಳು. ಅಂಗಡಿ ತೆರೆದಂದಿನಿಂದ ಇಷ್ಟು ದೊಡ್ಡ ಆರ್ಡರ್ ಬಂದಿರಲಿಲ್ಲ. ಒಂದು ಕಾಲರ್ ಮುಗಿಸಿ ದಾರವನ್ನು ಹಲ್ಲಲ್ಲಿ ಕಡಿದೆ, ಎಷ್ಟೋ ವರ್ಷದ ಚಾಳಿ. ಕಾಲರ್ ಮೇಲೆ ಕೆಂಪು ಚುಕ್ಕೆ. ಒಸಡು.

ದರ್ಜಿಗಳಿಗೆಲ್ಲ ಗೊತ್ತಿರುವ ಉಪಾಯ ಒಂದಿದೆ. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ ಅವರವರ ಎಂಜಲನ್ನೇ ಹಚ್ಚಿ ಉಜ್ಜುವುದು. ಕಲೆ ಹೋಗುತ್ತದೆ. ಯೋಚಿಸದೆ ಹಚ್ಚಿಬಿಟ್ಟೆ. ಎಂಜಲೇ ಗುಲಾಬಿ ಬಣ್ಣ! ಚುಕ್ಕೆ ಇದ್ದದ್ದು ಗುಂಡಿಯಗಲ ಆಯಿತು.

ಪಕ್ಕದ ಮೆಷಿನ್ನಿನಿಂದ ನಾದಿನಿ: "ಕತ್ತರಿ ಏನು ಅಲಂಕಾರಕ್ಕಾ ಅತ್ತಿಗೆ?"

ಊಟವಾದ ಮೇಲೆ ಇನ್ನೊಂದು ಕೋಟು ಹಾಗೇ ಹಾಳಾಯಿತು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಈ ಕೈಕೆಲಸ ಒಂದೇ ನನ್ನದು ಅಂತ ಇರುವುದು.

ಮಾರ್ಚ್ 10

ಬೆಳಗಿನದು ನುಂಗಲಿಲ್ಲ. ಆರ್ಡರ್ ಮುಗಿಯುವ ತನಕ ಅಷ್ಟೆ. ರಾತ್ರಿಯದು ಇದೆಯಲ್ಲ.

ಮಾರ್ಚ್ 12

ಹೊಟ್ಟೆ ತಣ್ಣಗಿದೆ. ಒಸಡೂ ಸುಮ್ಮನಾಗಿದೆ. ಹಾಗಾಗಿ ರಾತ್ರಿಯದನ್ನೂ... ತಟ್ಟೆಯ ಪಕ್ಕ ಇವರೇ ತಂದಿಡುತ್ತಾರೆ, ನೀರಿನ ಸಮೇತ. ಅತ್ತ ತಿರುಗಿದ ಕೂಡಲೇ ಜೇಬಿಗೆ ಹಾಕಿಕೊಂಡೆ. ಈ ವಯಸ್ಸಿಗೆ ಕಳ್ಳಿಯಾದೆ.

ಮಾರ್ಚ್ 19, ಸಂಜೆ

ಕೋಟುಗಳು ಹೋದವು. ಒಂದರ ಮೇಲೂ ಕಲೆಯಿಲ್ಲ.

ಇವರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನೋಡು, ನೀಲಿ ಎಲ್ಲಾ ಹೋಯ್ತು! ಮಾತ್ರೆ ಒಗ್ಗುತ್ತೆ ಅಂತ ನಾನು ಹೇಳ್ಲಿಲ್ವಾ?" ಟೀಚರಮ್ಮ ಇವತ್ತು ತಾನಾಗಿಯೇ ಮಾತಾಡಿಸಿದಳಂತೆ. ಖುಷಿಯಲ್ಲಿ ಶಿಳ್ಳೆ ಹಾಕುತ್ತಾ ಇಸ್ತ್ರಿ ಮಾಡಿದರು.

ನಾಳೆಯಿಂದ ಮತ್ತೆ ಮಾತ್ರೆ ಶುರು ಮಾಡಿದರೆ ನಿಜ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಾರ್ಚ್ 20, ಬೆಳಗ್ಗೆ ಹನ್ನೊಂದು

ಕೈ ಈಗ ಸರಿಯಿದೆ. ಅಕ್ಷರಗಳು ನೆಟ್ಟಗೆ ಬರುತ್ತವೆಯೇ ಎಂದು ಬರೆದು ನೋಡುತ್ತಿದ್ದೇನೆ. ಬರುತ್ತಿವೆ.

ಕತ್ತರಿ ಜಾರಿ ಬಿತ್ತು. ಬಲಗೈ ನನ್ನದೇ ಅಲ್ಲ ಅನ್ನಿಸಿತು. ಎತ್ತಿಕೊಡು ಎಂದು ನಾದಿನಿಗೆ ಹೇಳಹೊರಟೆ. ಬಾಯಿಂದ ಏನೋ ಬಂತು, ಮಾತಲ್ಲ. ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ಅವಳ ನಗು ನಿಂತುಹೋಯಿತು.

ಸ್ವಲ್ಪ ಹೊತ್ತು, ಅಷ್ಟೇ. ಮತ್ತೆ ಎಲ್ಲ ಮೊದಲಿನ ಹಾಗೆ. ಅದಕ್ಕೇ ಇನ್ನೂ ಭಯ.

ಅವಳು ಕೂಗಿದ ಕೂಗಿಗೆ ಇವರು ಓಡಿ ಬಂದರು. ತಿಂಡಿ ತಿಂದಿರಲಿಲ್ಲ, ತಲೆಸುತ್ತು ಬಂತು — ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಇವರ ಮುಖ ನೋಡಿ ಹೇಳಲಾಗಲಿಲ್ಲ.

"ಮಾತ್ರೆ ಒಗ್ಗಲಿಲ್ಲ ರೀ. ನುಂಗೋದೇ ಬಿಟ್ಟಿದ್ದೆ."

ನೀಲಿ ಮಾಯವಾದ ನನ್ನ ಮೊಣಕೈ ನೋಡಿದರು. ಆಸ್ಪತ್ರೆಗೆ ಫೋನ್ ಮಾಡಿದರು. ಆಂಬುಲೆನ್ಸ್ ಹೊರಟಿದೆಯಂತೆ. ಬೀಗದ ಕೈಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ಅಂಗಡಿಯೆಲ್ಲ ಅದನ್ನೇ ಹುಡುಕಿದರು. ಈಗ ಬಾಗಿಲಲ್ಲಿ ನಿಂತು ಒಮ್ಮೆ ರಸ್ತೆ ನೋಡುತ್ತಾರೆ, ಒಮ್ಮೆ ನನ್ನನ್ನು.

"ಬರ್ದಿದ್ದು ಸಾಕು. ಏನಾದ್ರೂ ಮಾತಾಡ್ತಾ ಇರು. ನಂಗೆ ಕೇಳಿಸ್ತಾ ಇರ್ಬೇಕು."

"ಏನಂತ ಮಾತಾಡ್ಲಿ?"

"ನನ್ನ ಬೈಯಿ. ದಿನಾ ಬೈಯ್ತೀಯಲ್ಲ, ಹಾಗೇ ಬೈಯಿ."

ಬೈಯಲು ಒಂದು ಮಾತೂ ಸಿಗುತ್ತಿಲ್ಲ. ಆಗ ಮಾತು ನಿಂತದ್ದು ಕಾಯಿಲೆ. ಇದು ಕಾಯಿಲೆಯಲ್ಲ. ಇದು— ಆಂಬುಲೆನ್ಸ್ ಬಂತು.