ಬಾಯ್ಲರ್ ಉಷ್ಣ

ನನ್ನವಳೇ,

ಕಳೆದ ರಜೆಯಲ್ಲಿ ಉರಿಮೂತ್ರವೆಂದು ಮಾತ್ರೆ ನುಂಗುತ್ತಿದ್ದಾಗ, ಫ್ಯಾಕ್ಟರಿಯ ಬಾಯ್ಲರ್ ಮುಂದೆ ನಿಂತು ಉಷ್ಣವಾಗಿದೆ ಎಂದಿದ್ದೆ. ನೀನು ನಂಬಿ, ಚೊಂಬು ಚೊಂಬು ನೀರು ಕುಡಿಸಿದೆ. ನಿನ್ನೆ ಫೋನಿನಲ್ಲಿ ನೀನು, “ನನಗೂ ನಿಮ್ಮ ಉಷ್ಣಾನೇ ಬಂದಿದೆ ಕಣ್ರೀ, ನಾನ್ಯಾವ ಬಾಯ್ಲರ್ ಮುಂದೆ ನಿಂತಿದ್ನೋ!” ಎಂದು ನಕ್ಕೆ. ನಿಜವನ್ನು ಫೋನಿನಲ್ಲಿ ಹೇಳಲಾರದೆ ಈ ಕಾಗದ ಬರೆಯುತ್ತಿದ್ದೇನೆ.

ಅದು ಉಷ್ಣವಲ್ಲ. ಇಲ್ಲಿ ಬೇರೊಬ್ಬಳ ಹತ್ತಿರ ಹೋಗಿ ಅಂಟಿಸಿಕೊಂಡ ಕಾಯಿಲೆ. ಉರಿ ತಗ್ಗಿತೆಂದು ಮಾತ್ರೆಯನ್ನು ಅರ್ಧಕ್ಕೇ ಬಿಟ್ಟು ನಿನ್ನ ಪಕ್ಕ ಮಲಗಿದೆ.

ನೀರು ಕುಡಿದು ಸುಮ್ಮನಿರಬೇಡ, ಕಾಗದ ಸಿಕ್ಕಿದ ದಿನವೇ ಡಾಕ್ಟರಮ್ಮನಿಗೆ ತೋರಿಸು. ನಾನೂ ಇಲ್ಲಿ ತೋರಿಸಿಕೊಂಡಿದ್ದೇನೆ. ಇಬ್ಬರೂ ಔಷಧಿಯನ್ನು ಪೂರ್ತಿ ಮುಗಿಸಬೇಕಂತೆ. ಯಾರಿಂದ ಬಂತೆಂದು ಅವರು ಕೇಳಿದರೆ ನೀನು ತಲೆ ತಗ್ಗಿಸಬೇಡ. ನನ್ನ ಹೆಸರು ಹೇಳು.

ಇತಿ,
ನೀನು ಕರೆದರಷ್ಟೇ ಮನೆಗೆ ಬರುವ
ನಿನ್ನ ಗಂಡ