ಮೀನು ಹಾಕದ ಸಾರು

೧೪ ನವೆಂಬರ್ ೧೯೮೬, ಕ್ಯೋಟೋ

ಜ್ವರದಲ್ಲಿ ಸತ್ತ ತಮ್ಮನನ್ನು ನಮ್ಮ ಪದ್ಧತಿಯಂತೆ ಮಣ್ಣು ಮಾಡದೆ ಇಲ್ಲಿಯವರು ಸುಟ್ಟುಬಿಟ್ಟಿದ್ದಾರೆ. ಬನಹಟ್ಟಿಯಿಂದ ನಾನು ಬಂದು ಮುಟ್ಟುವಷ್ಟರಲ್ಲಿ ಮುರಗೆಪ್ಪ ಒಂದು ಡಬ್ಬಿಯೊಳಗಿನ ಬೂದಿಯಾಗಿದ್ದ.

ಅವನ ಜೊತೆ ಮಗ್ಗದ ಕೆಲಸ ಕಲಿಯಲು ಬಂದಿದ್ದ ಹೊಳೆಪ್ಪ, ಇಂದು ಮಧ್ಯಾಹ್ನ ಮುರಗೆಪ್ಪ ದಿನವೂ ಉಣ್ಣುತ್ತಿದ್ದ ಅಂಗಡಿಗೆ ನನ್ನನ್ನು ಕರೆದೊಯ್ದ. ಐದು ತಲೆಮಾರಿನಿಂದ ಒಂದೇ ಮನೆತನ ನಡೆಸುತ್ತಿರುವ ಶಾವಿಗೆ ಅಂಗಡಿ. ಮುರಗೆಪ್ಪನಿಗೆಂದೇ ಮೀನು ಹಾಕದ ಸಾರು ಬೇರೆ ಕಾಯಿಸುತ್ತಿದ್ದ ಅಜ್ಜಿ, ನನಗೂ ಅದನ್ನೇ ಬಡಿಸಿ ಏನೋ ಕೇಳಿದಳು.

ಹೊಳೆಪ್ಪ ತಡವರಿಸಿದ. “ಅಣ್ಣನ ಕಾಗದ ಬರಲಿಲ್ಲಂತ ಅಂವ ಇಲ್ಲೇ ಕುಂತು ಅಳತಿದ್ನಂತರಿ. ಯಾಕ ಬರೀಲಿಲ್ಲಂತ ಕೇಳಾಕತ್ತಾಳ.”

ನನ್ನ ಮಾತು ಮೀರಿ ಬಂದನೆಂದು ವರ್ಷವಿಡೀ ಅವನಿಗೆ ಒಂದಕ್ಷರ ಬರೆದಿರಲಿಲ್ಲ.

“ಕಾಗದ ಬರದೇನಿ, ಟಪಾಲಿನ್ಯಾಗ ಕಳದಿರಬೇಕು ಅಂತ ಹೇಳು” ಎಂದೆ.

ಅಜ್ಜಿ ನಂಬಿದಳು. ನನ್ನ ಕೈ ಹಿಡಿದು ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.