ತಲೆ ದೀಪಾವಳಿಯ ಎಣ್ಣೆ

ತಿರುಪ್ಪೂರು, 1956

ಅವ್ವಾ,

ನಿನಗೆ ಓದು ಬರುತ್ತಿರಲಿಲ್ಲ, ಈಗ ನೀನೂ ಇಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಅಳಿಯನನ್ನು ಮತ್ತೆ ಕೊಯಮತ್ತೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಗ್ಗದ ಲಾಳಿ ಸಿಡಿದು ಬಡಿದ ಕಣ್ಣು. ಕರಿಗುಡ್ಡೆಯ ಮೇಲೆ ಕೆಂಪು ನೂಲಿನ ಹಾಗೆ ಹಬ್ಬಿದ್ದ ರಕ್ತನಾಳಗಳನ್ನು ಹೋದ ವರ್ಷ ಸುತ್ತಲೂ ಕತ್ತರಿಸಿ, ತಲೆಗೆ ಸ್ನಾನ ಬೇಡ ಎಂದು ಹೇಳಿ ಕಳಿಸಿದ್ದರು. ವಾರದೊಳಗೆ ನಮ್ಮ ಮದುವೆಯಾದ ಮೇಲಿನ ಮೊದಲ ದೀಪಾವಳಿ, ಇಲ್ಲಿಯವರ ತಲೆ ದೀಪಾವಳಿ, ಬಂತು.

"ತಲೆ ದೀಪಾವಳಿಗೆ ಮಾಪ್ಳೆ ತಲೆಗೆ ಎಣ್ಣೆ ಇಡದಿದ್ರೆ ನಾಲ್ಕು ಜನ ಏನಂತಾರೆ? ಕಣ್ಣಿಗೂ ತಂಪು, ಕೂತ್ಕೊಳ್ಳಿ," ಅಂದೆ ನೀನು ಅಳಿಯನಿಗೆ.

ಅತ್ತೆಯ ಮಾತು ಮೀರಲಾರದೆ ಅವರು ಮಣೆಯ ಮೇಲೆ ಕೂತರು. ಎಣ್ಣೆ, ಸೀಗೆಪುಡಿ ಎರಡೂ ಗಾಯಕ್ಕೆ ಇಳಿದರೂ ಉಸಿರೆತ್ತಲಿಲ್ಲ.

ಈಗ ಆ ನಾಳಗಳು ಮತ್ತೆ ಬೆಳೆದು ಪಾಪೆಯನ್ನೇ ಮುಚ್ಚಿವೆಯಂತೆ. ಇನ್ನು ಕತ್ತರಿಸಿಯೂ, ಹನಿ ಹಾಕಿಯೂ ಪ್ರಯೋಜನವಿಲ್ಲವಂತೆ.

"ಆಪರೇಷನ್ ಆದ್ಮೇಲೆ ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದು ಡಾಕ್ಟರು ಕೇಳಿದರು.

ನಿನ್ನ ಅಳಿಯ ನನ್ನ ಕಡೆ ತಿರುಗಲಿಲ್ಲ. "ಇಲ್ಲ ಸಾರ್. ಲಾಳಿ ಇನ್ನೊಂದು ಸಲ ಬಡೀತು," ಎಂದರು.

ಹಬ್ಬದ ಮೇಲೆ ಕಣ್ಣು ಕೆಟ್ಟಾಗ ನಿನಗೂ ಅದನ್ನೇ ಹೇಳಿದ್ದರು. ಅಳಿಯನಿಗೆ ಮಗ್ಗದ ಮೇಲೆ ನಿಗಾ ಇಲ್ಲ ಎಂದು ನೀನು ಸಾಯುವ ತನಕ ಊರೆಲ್ಲ ಹೇಳಿಕೊಂಡು ಬಂದೆ.